ಕ್ಯಾಂಟನ್ ಮೇಳಕ್ಕೆ ಹೊರಟಿದ್ದೇವೆ, ಫೋನ್‌ನಲ್ಲಿ ಏನೇನು ಸಿದ್ಧ ಮಾಡಿಕೊಳ್ಳಬೇಕು?

ಹುಬ್ಬಳ್ಳಿ_ಪಾತ್ರೆ_ಅಂಗಡಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಮ್ಮದು ಪಾತ್ರೆ, ಅಡುಗೆಮನೆ ಸಾಮಾನಿನ ಅಂಗಡಿ. ಅಜ್ಜನ ಕಾಲದಿಂದ ನಡೆದು ಬಂದದ್ದು. ಇಲ್ಲಿಯವರೆಗೆ ಮುಂಬೈ, ರಾಜಕೋಟ್ ಕಡೆಯ ಹೋಲ್‌ಸೇಲ್‌ನವರಿಂದಲೇ ಮಾಲು ತರಿಸುತ್ತಿದ್ದೆವು. ಈ ಸಲ ನಾನೂ ನಮ್ಮ ತಂದೆಯೂ ಚೀನಾದ ಗುವಾಂಗ್‌ಝೌಗೆ, ಕ್ಯಾಂಟನ್ ಮೇಳ ಎಂಬ ದೊಡ್ಡ ವ್ಯಾಪಾರ ಮೇಳ ನೋಡಿ ಬರೋಣ ಎಂದು ಹೊರಟಿದ್ದೇವೆ. ಎರಡನೇ ಹಂತ, ಏಪ್ರಿಲ್ 23ರಿಂದ 27ರವರೆಗೆ. ಪಾತ್ರೆ, ಡಬ್ಬಿ, ಫ್ಲಾಸ್ಕ್ ಎಲ್ಲ ಆ ಹಂತದಲ್ಲೇ ಇರುತ್ತದೆ.

ವೀಸಾ ಕೈಗೆ ಬಂದಿದೆ. ಬೆಂಗಳೂರಿನಿಂದ ಹಾಂಗ್‌ಕಾಂಗ್‌ಗೆ ವಿಮಾನ. ಅಲ್ಲಿ ಒಂದು ರಾತ್ರಿ ಇದ್ದು, ಮಾರನೇ ದಿನ ವೆಸ್ಟ್ ಕೌಲೂನ್ ಸ್ಟೇಷನ್‌ನಿಂದ ಗುವಾಂಗ್‌ಝೌ ಸೌತ್‌ಗೆ ರೈಲು. ಇಷ್ಟು ಗಟ್ಟಿಯಾಗಿದೆ.

ಗಟ್ಟಿ ಆಗದಿರುವುದು ಫೋನ್ ವಿಷಯ. ಅಲ್ಲಿ ಗೂಗಲ್ ಇಲ್ಲ, ವಾಟ್ಸಾಪ್ ಇಲ್ಲ, ನೋಟು ಕೊಟ್ಟರೆ ಮುಖ ನೋಡುತ್ತಾರೆ, ಎಲ್ಲಾ ಫೋನ್‌ನಲ್ಲೇ ಅನ್ನುತ್ತಾರೆ. ಯೂಟ್ಯೂಬ್‌ನಲ್ಲಿ ನೋಡಿದರೆ ಎಲ್ಲರೂ 'ಅಲಿಪೇ ಹಾಕಿಕೊಳ್ಳಿ, ವೀಚಾಟ್ ಹಾಕಿಕೊಳ್ಳಿ' ಎಂದು ಹೇಳಿ ಮುಂದೆ ಹೋಗುತ್ತಾರೆ. ಅಲಿಪೇ ಅಲ್ಲಿನ ಹಣ ಕೊಡುವ ಆಪ್, ವೀಚಾಟ್ ಅಲ್ಲಿನ ವಾಟ್ಸಾಪ್ ಥರದ್ದಂತೆ. ನನ್ನ ಆಂಡ್ರಾಯ್ಡ್ ಫೋನಿನ ಪ್ಲೇ ಸ್ಟೋರ್‌ನಲ್ಲಿ ಹುಡುಕಿದರೆ ಎರಡೂ ಸಿಗುತ್ತಿಲ್ಲ. ಹಾಗಾದರೆ ನಮ್ಮಂಥವರು ಏನು ಮಾಡಬೇಕು? ರೋಮಿಂಗ್ ಸಾಕಾ, ಅಲ್ಲಿನ ಸಿಮ್ ತಗೋಬೇಕಾ? ಕಾರ್ಡ್ ಯಾವುದು ನಡೆಯುತ್ತದೆ? ತಂದೆಯವರಿಗೆ ವಾಟ್ಸಾಪ್ ಮತ್ತು ಫೋನ್‌ಪೇ ಬಿಟ್ಟರೆ ಬೇರೆ ಏನೂ ರೂಢಿಯಿಲ್ಲ. ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ಬೇ_ಏರಿಯಾ_ಕನ್ನಡಿಗ

ನಾನು ಹೋದ ವರ್ಷ ಮನೆಯವರ ಜೊತೆ ಬೀಜಿಂಗ್, ಶಾಂಘೈ ನೋಡಿ ಬಂದೆ. ಹೆದರುವಂಥದ್ದು ಏನೂ ಇಲ್ಲ. ಹೊರಡುವ ಮುಂಚೆ ಅಲಿಪೇ ಹಾಕಿಕೊಂಡು, ಪಾಸ್‌ಪೋರ್ಟ್ ಫೋಟೋ ಕೊಟ್ಟು, ವೀಸಾ ಕಾರ್ಡ್ ಜೋಡಿಸಿದೆ. ಟೀ ಅಂಗಡಿಯಿಂದ ಹಿಡಿದು ಮೆಟ್ರೋವರೆಗೆ ಅದೇ ನಡೆಯಿತು. ಟ್ಯಾಕ್ಸಿ ಬೇಕಾದರೆ ಅಲಿಪೇ ಒಳಗೇ ದೀದಿ ಎಂಬ ಟ್ಯಾಕ್ಸಿ ಸೇವೆ ಇದೆ, ಬೇರೆ ಆಪ್ ಬೇಡ. ನನ್ನ ಅಮೆರಿಕದ ಸಿಮ್ ರೋಮಿಂಗ್‌ನಲ್ಲಿ ಇತ್ತು, ಜಿಮೇಲ್, ವಾಟ್ಸಾಪ್ ಎಲ್ಲಾ ಎಂದಿನಂತೆ ಬಂತು. ಹೋಟೆಲ್ ವೈಫೈಗೆ ಹೋದರೆ ಮಾತ್ರ ಅವು ನಿಂತುಬಿಡುತ್ತವೆ. ರೈಲು ಟಿಕೆಟ್‌ಗೆ ಟ್ರಿಪ್ ಡಾಟ್ ಕಾಮ್ ಸುಲಭ.

ಪೀಣ್ಯ_ಸೋರ್ಸಿಂಗ್

ಮೇಲೆ ಬರೆದವರು ಹೇಳಿದ್ದು ಅವರ ಮಟ್ಟಿಗೆ ಸರಿಯಾಗಿದೆ. ಆದರೆ ಅದು ಅಮೆರಿಕದ ನಂಬರ್, ಅಮೆರಿಕದ ಆಪ್ ಸ್ಟೋರ್ ಇರುವವರ ಅನುಭವ. ಇಂಗ್ಲಿಷ್‌ನಲ್ಲಿ ಸಿಗುವ ಸಲಹೆಗಳೆಲ್ಲ ಹೀಗೇ. ಭಾರತದಿಂದ ಹೋಗುವವರಿಗೆ ಅರ್ಧ ಮಾತ್ರ ಉಪಯೋಗ. ನಾನು ಪೀಣ್ಯದ ಒಂದು ಕಾರ್ಖಾನೆಗೆ ಬಿಡಿಭಾಗ ಖರೀದಿ ನೋಡಿಕೊಳ್ಳುವವಳು. ಶೆನ್‌ಜೆನ್, ಫೋಶಾನ್, ಗುವಾಂಗ್‌ಝೌ ಕಡೆ ಆಗಾಗ ಹೋಗುತ್ತಿರುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ನಮ್ಮ ಮುಂದೆ ಇರುವುದು ಒಂದು ಗೋಡೆ ಅಲ್ಲ, ಎರಡು. ಚೀನಾದ ಒಳಗಿನ ಇಂಟರ್ನೆಟ್‌ನಲ್ಲಿ ಗೂಗಲ್, ಜಿಮೇಲ್, ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್, ಟೆಲಿಗ್ರಾಂ ತೆರೆಯುವುದಿಲ್ಲ. 2019ರಿಂದ ವಿಕಿಪೀಡಿಯ ಕೂಡ ಇಲ್ಲ, ಕನ್ನಡದ್ದೂ ಸೇರಿ. ಇದು ಎಲ್ಲರಿಗೂ ಗೊತ್ತು. ಎರಡನೇ ಗೋಡೆ ನಮ್ಮ ದೇಶದ್ದು. ಗಲ್ವಾನ್ ಘರ್ಷಣೆ ಆದಮೇಲೆ 2020ರ ಜೂನ್ 29ರಂದು ನಮ್ಮ ಸರ್ಕಾರ 59 ಆಪ್‌ಗಳನ್ನು ತಡೆಯಿತು. ಅದರಲ್ಲಿ ವೀಚಾಟ್ ಮತ್ತು ಬೈದು ಮ್ಯಾಪ್ ಇದ್ದವು. ಸೆಪ್ಟೆಂಬರ್ 2ರಂದು ಇನ್ನೂ 118 ಸೇರಿದವು. ಆ ಪಟ್ಟಿಯಲ್ಲಿ ಅಲಿಪೇ ಇತ್ತು. ನಿಮ್ಮ ಪ್ಲೇ ಸ್ಟೋರ್‌ನಲ್ಲಿ ಎರಡೂ ಕಾಣದಿರುವುದಕ್ಕೆ ಕಾರಣ ಇದು. ನಿಮ್ಮ ಫೋನ್‌ನಲ್ಲಿ ಏನೂ ದೋಷ ಇಲ್ಲ.

ಈಗ ರೋಮಿಂಗ್ ವಿಷಯ. ರೋಮಿಂಗ್‌ನಲ್ಲಿದ್ದಾಗ ಸಿಗ್ನಲ್ ಚೀನಾದ ಟವರ್‌ನದ್ದೇ. ಆದರೆ ಡೇಟಾ ಅಲ್ಲೇ ಇಂಟರ್ನೆಟ್‌ಗೆ ಸೇರುವುದಿಲ್ಲ. ನಿಮ್ಮ ಸಿಮ್ ಯಾವ ಕಂಪನಿಯದೋ ಆ ಕಂಪನಿಯ ಜಾಲಕ್ಕೆ ವಾಪಸ್ ಬಂದು, ಅಲ್ಲಿಂದ ಹೊರಗೆ ಹೋಗುತ್ತದೆ. ಭಾರತದ ಸಿಮ್ ಆದರೆ ಭಾರತಕ್ಕೆ ಬರುತ್ತದೆ. ಅದಕ್ಕೇ ವಾಟ್ಸಾಪ್ ನಡೆಯುತ್ತದೆ. ಆದರೆ ಅದೇ ಕಾರಣಕ್ಕೆ ಭಾರತದ ತಡೆಯೂ ನಿಮ್ಮ ಜೊತೆಗೇ ಬರುತ್ತದೆ. ವಾಟ್ಸಾಪ್‌ನಲ್ಲಿ ಮನೆಯವರ ಫೋಟೋ ಚೆನ್ನಾಗಿ ಬರುತ್ತಿದೆ, ಗಲ್ಲಾದ ಮುಂದೆ ನಿಂತು ಅಲಿಪೇ ತೆರೆದರೆ ಸುಮ್ನೆ ಸುತ್ತುತ್ತಾ ಇರುತ್ತದೆ. ಹೀಗೆ ಆದಾಗ ಜನ ಕಾರ್ಡ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕಾರ್ಡ್ ಅಲ್ಲ, ದಾರಿಯ ಸಮಸ್ಯೆ ಅದು.

ಹಾಗಾಗಿ ನನ್ನ ಸಲಹೆ: ಫೋನ್‌ನಲ್ಲಿ ಎರಡು ಸಿಮ್ ಇರಲಿ. ಭಾರತದ ಸಿಮ್ ಒಳಗೇ ಇರಲಿ, ರೋಮಿಂಗ್ ಚಾಲೂ ಇರಲಿ, ಆದರೆ ಡೇಟಾ ಬಂದ್ ಮಾಡಿ. ಅದು ಒಟಿಪಿಗೆ ಮಾತ್ರ. ಡೇಟಾಗೆ ಹಾಂಗ್‌ಕಾಂಗ್ ಅಥವಾ ಸಿಂಗಪುರದ ಮೂಲಕ ಹೊರಹೋಗುವ ಟ್ರಾವೆಲ್ ಇಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನ್‌ಗೇ ಇಳಿಸಿಕೊಳ್ಳುವ ಸಿಮ್, ತಗೊಳ್ಳಿ. ಅಲ್ಲಿ ಚೀನಾದ ಗೋಡೆಯೂ ಇಲ್ಲ, ನಮ್ಮದೂ ಇಲ್ಲ. ವಾಟ್ಸಾಪ್ ಮತ್ತು ಅಲಿಪೇ ಒಂದೇ ಸಂಪರ್ಕದಲ್ಲಿ ನಡೆಯುತ್ತವೆ. ವಿದೇಶಿ ಬ್ಲಾಗ್‌ಗಳು ಹೇಳುವ ಏರಾಲೋ, ಹೊಲಾಫ್ಲೈ ಆಪ್‌ಗಳನ್ನು 2024ರ ಜನವರಿಯಲ್ಲಿ ಭಾರತದ ಸ್ಟೋರ್‌ಗಳಿಂದ ತೆಗೆಸಿದರು, ಅವನ್ನು ಹುಡುಕುತ್ತಾ ಕೂರಬೇಡಿ. ಬೇರೆ ಕಂಪನಿಗಳಿವೆ. ಚೀನಾ ಮತ್ತು ಹಾಂಗ್‌ಕಾಂಗ್ ಎರಡಕ್ಕೂ ಸೇರಿದ ಪ್ಲಾನ್ ನೋಡಿ, ನಿಮ್ಮ ದಾರಿಗೆ ಅದು ಸರಿಹೋಗುತ್ತದೆ. ಇಸಿಮ್ ಅನ್ನು ಹುಬ್ಬಳ್ಳಿಯಲ್ಲೇ, ಮನೆಯ ವೈಫೈನಲ್ಲೇ ಫೋನ್‌ಗೆ ಇಳಿಸಿಕೊಳ್ಳಿ. ಆನ್ ಮಾಡುವುದು ಹಾಂಗ್‌ಕಾಂಗ್‌ನಲ್ಲಿ. ಫೋನ್‌ಗೆ ಇಸಿಮ್ ಸೌಲಭ್ಯ ಇಲ್ಲದಿದ್ದರೆ ಹಾಂಗ್‌ಕಾಂಗ್ ವಿಮಾನ ನಿಲ್ದಾಣದಲ್ಲೇ ಚೀನಾದಲ್ಲೂ ನಡೆಯುವ ಸಿಮ್ ಕಾರ್ಡ್ ಮಾರುತ್ತಾರೆ. ಪಾಸ್‌ಪೋರ್ಟ್ ತೋರಿಸಿ ನೋಂದಾಯಿಸಬೇಕು ಅಷ್ಟೇ.

ಚೀನಾದ್ದೇ ಸಿಮ್, ಅಂದರೆ ಚೀನಾ ಮೊಬೈಲ್, ಯೂನಿಕಾಮ್ ಥರದ್ದು, ಇಷ್ಟು ಚಿಕ್ಕ ಪ್ರಯಾಣಕ್ಕೆ ಬೇಡ. ಅದರಲ್ಲಿ ವಾಟ್ಸಾಪ್ ಬರುವುದಿಲ್ಲ.

ವಿಪಿಎನ್, ಅಂದರೆ ಇಂಥ ತಡೆಗಳನ್ನು ದಾಟಿಸುವ ಆಪ್, ಅದರ ಬಗ್ಗೆ ಎಲ್ಲರೂ ಹೇಳುತ್ತಾರೆ. ಅಲ್ಲಿ ಸರ್ಕಾರ ಒಪ್ಪಿದ ವಿಪಿಎನ್‌ಗೆ ಮಾತ್ರ ಅನುಮತಿ, ಉಳಿದದ್ದು ನಿಯಮಕ್ಕೆ ವಿರುದ್ಧ. ಮೇಲಾಗಿ ಇವತ್ತು ನಡೆದದ್ದು ನಾಳೆ ನಿಲ್ಲುತ್ತದೆ. ವ್ಯಾಪಾರಕ್ಕೆ ಹೋಗುವವರು ಅದನ್ನು ನಂಬಿ ಹೋಗಬಾರದು. ಇಸಿಮ್ ಇದ್ದರೆ ಅದರ ಅಗತ್ಯವೇ ಬರುವುದಿಲ್ಲ.

ಇನ್ನು ಹಣ. ಫೋನ್‌ಪೇ, ಯುಪಿಐ ಮರೆತುಬಿಡಿ. ರುಪೇ ಕಾರ್ಡ್ ನಂಬಿ ಹೋಗಬೇಡಿ. ವೀಸಾ ಒಂದು, ಮಾಸ್ಟರ್‌ಕಾರ್ಡ್ ಒಂದು, ಎರಡು ಬೇರೆ ಬೇರೆ ಬ್ಯಾಂಕಿನವು ಇರಲಿ. ಬ್ಯಾಂಕ್ ಆಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಎಂಬ ಗುಂಡಿ ಇರುತ್ತದೆ. ಆನ್‌ಲೈನ್, ಅಂಗಡಿಯ ಮೆಷಿನ್, ಎಟಿಎಂ ಮೂರಕ್ಕೂ ಬೇರೆ ಬೇರೆ. ಮೂರನ್ನೂ ಆನ್ ಮಾಡಿ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ಇದು ಬಂದ್ ಆಗಿಯೇ ಬರುತ್ತದೆ. ಫೋಶಾನ್‌ನಲ್ಲಿ ಊಟ ಮುಗಿಸಿ ಹಣ ಕೊಡುವಾಗ ನನ್ನ ಒಂದು ಕಾರ್ಡನ್ನು ಬ್ಯಾಂಕ್‌ನವರು ಅನುಮಾನದ ಮೇಲೆ ತಡೆದರು. ಎರಡನೆಯದು ಇದ್ದದ್ದಕ್ಕೆ ಕೆಲಸ ನಡೆಯಿತು.

ಅಲಿಪೇ ನಾನು ಹಾಕಿಕೊಳ್ಳುವುದು ಭಾರತ ದಾಟಿದ ಮೇಲೆ. ವಾಪಸ್ ವಿಮಾನ ಹತ್ತುವ ಮುಂಚೆ ತೆಗೆದುಬಿಡುತ್ತೇನೆ. ನೀವೂ ಹಾಂಗ್‌ಕಾಂಗ್‌ನ ಆ ರಾತ್ರಿಯನ್ನು ಇದಕ್ಕೇ ಇಟ್ಟುಕೊಳ್ಳಿ. ಅಲ್ಲಿ ಇಂಟರ್ನೆಟ್‌ಗೆ ಚೀನಾದ ತಡೆ ಇಲ್ಲ. ಆಂಡ್ರಾಯ್ಡ್ ಆದರೆ ಅಲಿಪೇಯ ಸ್ವಂತ ವೆಬ್‌ಸೈಟ್‌ನಿಂದಲೇ ಎಪಿಕೆ (ಆಪ್ ಹಾಕುವ ಫೈಲ್) ಇಳಿಸಿ. ಬೇರೆ ಯಾವ ಸೈಟ್‌ನಿಂದಲೂ, ಯಾರೋ ಕಳಿಸಿದ ಲಿಂಕ್‌ನಿಂದಲೂ ಬೇಡವೇ ಬೇಡ. ಹಣದ ಆಪ್ ಇದು, ನಕಲಿ ಹಾಕಿಕೊಂಡರೆ ಕಾರ್ಡ್ ನಂಬರ್ ಕಳ್ಳರ ಕೈಗೆ ಹೋಗುತ್ತದೆ. 'ಬೇರೆ ಕಡೆಯ ಆಪ್ ಹಾಕಲು ಅನುಮತಿ' ಎಂದು ಫೋನ್ ಕೇಳುತ್ತದೆ, ಕೊಟ್ಟು, ಕೆಲಸ ಆದ ಕೂಡಲೇ ಮತ್ತೆ ಬಂದ್ ಮಾಡಿ. ಐಫೋನ್ ಇರುವವರು ಸಿಂಗಪುರ ಅಥವಾ ಹಾಂಗ್‌ಕಾಂಗ್ ಹೆಸರಿನಲ್ಲಿ ಎರಡನೇ ಆಪಲ್ ಐಡಿ ಮಾಡಿ, ಆಪ್ ಸ್ಟೋರ್‌ಗೆ ಮಾತ್ರ ಅದರಿಂದ ಲಾಗಿನ್ ಆಗಬಹುದು. ಐಕ್ಲೌಡ್ ಮುಟ್ಟಬೇಡಿ. ಚೀನಾದ ಸ್ಟೋರ್‌ಗೆ ಬದಲಾಯಿಸಬೇಡಿ, ಅಲ್ಲಿ 2024ರಿಂದ ವಾಟ್ಸಾಪ್ ಸಿಗುವುದಿಲ್ಲ.

ನನ್ನ ಭಾರತದ ನಂಬರಿಗೇ ಕೋಡ್ ಬಂತು, ಅದರಿಂದಲೇ ಖಾತೆ ತೆರೆದೆ. ಆಮೇಲೆ ಪಾಸ್‌ಪೋರ್ಟ್ ಪರಿಶೀಲನೆ. ಇಲ್ಲಿ ನಮ್ಮ ಕಡೆಯವರಿಗೆ ಒಂದು ತೊಡಕು ಇದೆ. ನಮ್ಮಲ್ಲಿ ಇನಿಷಿಯಲ್ ಇರುತ್ತದೆ, ಊರ ಹೆಸರು ಇರುತ್ತದೆ, ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ನೀವು ಹೇಗೆ ಬರೆಯುತ್ತೀರಿ ಅನ್ನುವುದು ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟ್ ಪುಟದ ಕೆಳಗೆ ಬಾಣದ ಗುರುತುಗಳ ಮಧ್ಯೆ ಎರಡು ಸಾಲು ಅಕ್ಷರ ಇದೆ ಅಲ್ವಾ, ಅಲ್ಲಿ ಹೆಸರು ಹೇಗಿದೆಯೋ ಹಾಗೇ, ಅದೇ ಕ್ರಮದಲ್ಲಿ ತುಂಬಿ. ರೈಲು ಟಿಕೆಟ್‌ಗೂ ಹಾಗೇ. ಅಲ್ಲಿ ಕಾಗದದ ಟಿಕೆಟ್ ಇಲ್ಲ, ಪಾಸ್‌ಪೋರ್ಟೇ ಟಿಕೆಟ್.

ಖರ್ಚಿನ ಲೆಕ್ಕ: 200 ಯುವಾನ್‌ವರೆಗಿನ ಪಾವತಿಗೆ ವಿದೇಶಿ ಕಾರ್ಡ್ ಮೇಲೆ ಅಲಿಪೇ ಶುಲ್ಕ ಹಾಕುವುದಿಲ್ಲ. ಅದು ದಾಟಿದರೆ ಇಡೀ ಮೊತ್ತದ ಮೇಲೆ 3 ಶೇಕಡ. 300 ಯುವಾನ್ ಕೊಟ್ಟರೆ 9 ಯುವಾನ್ ಹೋಗುತ್ತದೆ. ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಬೇರೆ. ಊಟ, ಟ್ಯಾಕ್ಸಿ, ಮೆಟ್ರೋ ಎಲ್ಲ 200ರ ಒಳಗೇ ಆಗುತ್ತದೆ. ಹೋಟೆಲ್ ಬಿಲ್‌ಗೆ ಮಾತ್ರ ಕಾರ್ಡನ್ನೇ ಕೊಟ್ಟು ನೋಡಿ. ಸ್ಯಾಂಪಲ್ ಕೊಳ್ಳುವಾಗ ಚಿಕ್ಕ ವ್ಯಾಪಾರಿ ತನ್ನ ಸ್ವಂತ ಖಾತೆಯ ಕ್ಯೂಆರ್ ತೋರಿಸಿದರೆ ವಿದೇಶಿ ಕಾರ್ಡ್‌ನಿಂದ ಹೋಗದೇ ಇರಬಹುದು. ಅದಕ್ಕೆ ನೋಟು ಇರಲಿ, 10, 20, 50ರ ಚಿಲ್ಲರೆಯೇ ಜಾಸ್ತಿ ಇರಲಿ. ನೋಟು ನಿರಾಕರಿಸಬಾರದು ಎಂದು ಅಲ್ಲಿನ ಕೇಂದ್ರ ಬ್ಯಾಂಕಿನ ನಿಯಮ ಇದೆ. ಅಂಗಡಿಯವರ ಹತ್ತಿರ ಚಿಲ್ಲರೆ ಇರುವುದಿಲ್ಲ, ತೊಂದರೆ ಅಷ್ಟೇ.

ಇಲ್ಲಿಂದಲೇ ಮಾಡಿಕೊಂಡು ಹೋಗಲೇಬೇಕಾದ ಇನ್ನೊಂದು ಕೆಲಸ, ಬ್ಯಾಂಕ್ ಆಪ್‌ಗಳದ್ದು. ನಮ್ಮ ಬ್ಯಾಂಕ್ ಮತ್ತು ಯುಪಿಐ ಆಪ್‌ಗಳು ಸಿಮ್‌ಗೆ ಅಂಟಿಕೊಂಡಿರುತ್ತವೆ. ಅಲ್ಲಿ ಹೋಗಿ ಆಪ್ ತೆಗೆದು ಮತ್ತೆ ಹಾಕಬೇಡಿ, ಸಿಮ್ ಅತ್ತಿತ್ತ ಮಾಡಬೇಡಿ. ಮತ್ತೆ ನೋಂದಣಿಗೆ ಆ ಸಿಮ್‌ನಿಂದ ಮೆಸೇಜ್ ಹೋಗಬೇಕು, ಹೊರದೇಶದಲ್ಲಿ ಅದು ದೊಡ್ಡ ತಲೆನೋವು. ಹೊರಡುವ ವಾರದಲ್ಲಿ ಹೊಸ ಫೋನ್ ಕೊಳ್ಳುವುದೂ ಬೇಡ. ಗೂಗಲ್ ಖಾತೆಯ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟ್ ಚೀಲದಲ್ಲಿ ಇಡಿ.

ಮ್ಯಾಪ್‌ಗೆ ಗೂಗಲ್ ಬೇಡ. ಇಸಿಮ್‌ನಲ್ಲಿ ತೆರೆದರೂ ಚೀನಾದಲ್ಲಿ ಅದು ಸರಿಯಾದ ಜಾಗ ತೋರಿಸುವುದಿಲ್ಲ. ಅಲ್ಲಿನ ನಕ್ಷೆಗಳಿಗೆ ಸರ್ಕಾರ ಬೇರೆಯೇ ನಿರ್ದೇಶಾಂಕ ಪದ್ಧತಿ ಇಟ್ಟಿದೆ, ಬೇಕೆಂದೇ ಸ್ವಲ್ಪ ಸರಿಸಿರುತ್ತಾರೆ. ನೂರಾರು ಮೀಟರ್ ವ್ಯತ್ಯಾಸ ಬರುತ್ತದೆ. ನೀವು ರಸ್ತೆಯ ಮೇಲೆ ನಿಂತಿದ್ದರೆ ಮ್ಯಾಪ್‌ನಲ್ಲಿ ನದಿಯ ಮಧ್ಯೆ ಇರುತ್ತೀರಿ. ಪರ್ಲ್ ನದಿಯ ದಡದಲ್ಲೇ ಮೇಳ ಇರುವುದರಿಂದ ಇದನ್ನು ಕಣ್ಣಾರೆ ನೋಡುತ್ತೀರಿ. ಐಫೋನ್‌ನ ಆಪಲ್ ಮ್ಯಾಪ್ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಅಲ್ಲಿನ ಜನ ಬಳಸುವ ಆಮ್ಯಾಪ್‌ಗೆ ಈಗ ಇಂಗ್ಲಿಷ್ ಬಂದಿದೆ.

ಭಾಷಾಂತರಕ್ಕೆ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಚೀನೀ ಮತ್ತು ಇಂಗ್ಲಿಷ್ ಎರಡನ್ನೂ ಇಳಿಸಿಟ್ಟುಕೊಳ್ಳಿ, ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಕನ್ನಡವೂ ಇಳಿಯುತ್ತದೆ, ತಂದೆಯವರ ಫೋನ್‌ಗೆ ಹಾಕಿ. ಆದರೆ ದರ ಮಾತಾಡುವಾಗ ಕನ್ನಡದಿಂದ ನೇರ ಚೀನಿಗೆ ಹೋಗಬೇಡಿ, ಅರ್ಥ ಅಡ್ಡ ಬೀಳುತ್ತದೆ. ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಬರೆಯಿರಿ. ಸಂಖ್ಯೆಯನ್ನು ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ತೋರಿಸಿ. ಮೇಳದಲ್ಲಿ ಎಲ್ಲರೂ ಮಾಡುವುದು ಇದನ್ನೇ.

ಕೊನೆಗೆ ಪವರ್ ಬ್ಯಾಂಕ್. 2025ರ ಜೂನ್ 28ರಿಂದ ಚೀನಾದ ಒಳಗಿನ ವಿಮಾನಗಳಲ್ಲಿ 3ಸಿ ಗುರುತು (ಚೀನಾದ ಸುರಕ್ಷತಾ ಗುರುತು) ಇಲ್ಲದ ಪವರ್ ಬ್ಯಾಂಕ್ ಬಿಡುವುದಿಲ್ಲ. ನಮ್ಮಲ್ಲಿ ಕೊಂಡದ್ದಕ್ಕೆ ಸಾಮಾನ್ಯವಾಗಿ ಆ ಗುರುತು ಇರುವುದಿಲ್ಲ. ನೀವು ರೈಲಿನಲ್ಲಿ ಹೋಗುವುದರಿಂದ ಚಿಂತೆ ಇಲ್ಲ. ಮೇಳ ಮುಗಿಸಿ ಯಿವು ಮಾರುಕಟ್ಟೆಗೆ ವಿಮಾನದಲ್ಲಿ ಹೋಗುವ ಯೋಚನೆ ಇದ್ದರೆ ಗುವಾಂಗ್‌ಝೌನಲ್ಲೇ ಒಂದು ಕೊಳ್ಳಿ. ಪ್ಲಗ್ ಕೂಡ ಬೇರೆ, ನಮ್ಮ ಮೂರು ಗುಂಡು ಪಿನ್ ಅಲ್ಲಿ ಹೋಗುವುದಿಲ್ಲ. ಅಡಾಪ್ಟರ್ ಇರಲಿ.

ಎಂಬಿಬಿಎಸ್_ಹುಡುಗನ_ಅಪ್ಪ

ಮೇಡಂ ಬರೆದದ್ದು ಓದಿ ಬಹಳ ಸಮಾಧಾನವಾಯಿತು. ಮಗ ಅಲ್ಲಿ ಓದಲು ಹೋದಾಗ ಈ ಎರಡು ಗೋಡೆ ವಿಷಯವನ್ನು ಯಾರೂ ನಮಗೆ ಹೇಳಿರಲಿಲ್ಲ. ಕಳಿಸಿದ ಏಜೆಂಟ್ 'ವೀಚಾಟ್‌ನಲ್ಲಿ ಮಾತಾಡಿ' ಅಂದ. ಇಲ್ಲಿ ವೀಚಾಟ್ ನಡೆಯುವುದಿಲ್ಲ, ಅಲ್ಲಿ ವಾಟ್ಸಾಪ್ ನಡೆಯುವುದಿಲ್ಲ. ಮನೆಯವಳು ಫೋನ್ ಹಿಡಿದು ಕಾಯುತ್ತಾ ಕೂತಿರುತ್ತಿದ್ದಳು.

ನಮಗೆ ಕೈ ಹಿಡಿದದ್ದು ಮೈಕ್ರೋಸಾಫ್ಟ್ ಟೀಮ್ಸ್. ಮಗ ಹಾಸ್ಟೆಲ್ ವೈಫೈನಿಂದಲೇ ಮಾತಾಡುತ್ತಾನೆ. ರಾತ್ರಿ ಒಮ್ಮೊಮ್ಮೆ ಚಿತ್ರ ನಿಲ್ಲುತ್ತದೆ, ದನಿ ಬರುತ್ತದೆ. ಹುಬ್ಬಳ್ಳಿಯವರು ಇದನ್ನೂ ಎರಡೂ ಕಡೆ ಹಾಕಿ, ಮನೆಯಿಂದಲೇ ಒಂದು ಸಲ ಮಾತಾಡಿ ನೋಡಿ. ಅಲ್ಲಿ ಇಸಿಮ್ ಡೇಟಾ ಮುಗಿದುಹೋದರೆ ಹೋಟೆಲ್ ವೈಫೈನಲ್ಲಿ ಇದೊಂದು ದಾರಿ. ಇಮೇಲ್‌ಗೂ ಹಾಗೇ, ಔಟ್‌ಲುಕ್ ವಿಳಾಸ ಒಂದು ಇಟ್ಟುಕೊಳ್ಳಿ. ಹುಡುಕುವುದಕ್ಕೆ ಬಿಂಗ್ ತೆರೆಯುತ್ತದೆ.

ಆಂಡ್ರಾಯ್ಡ್‌ನಲ್ಲಿ 'ಪ್ರೈವೇಟ್ ಡಿಎನ್ಎಸ್' ಎಂದು ಒಂದು ಸೆಟ್ಟಿಂಗ್ ಇದೆ, ವೆಬ್‌ಸೈಟ್‌ಗಳ ವಿಳಾಸ ಯಾರನ್ನು ಕೇಳಿ ಹುಡುಕಬೇಕು ಎಂದು ಫೋನ್‌ಗೆ ಹೇಳುವುದು ಅದು. ಅಲ್ಲಿ ಗೂಗಲ್‌ನ ಡಿಎನ್ಎಸ್ ಹೆಸರು ಹಾಕಿದ್ದರೆ ಚೀನಾದ ವೈಫೈಗೆ ಸೇರಿದಾಗ ಯಾವುದೂ ತೆರೆಯುವುದಿಲ್ಲ. ಮಗನ ಫೋನ್ ಕೆಟ್ಟಿದೆ ಎಂದೇ ಎಲ್ಲರೂ ತಿಳಿದಿದ್ದರು. ಅದನ್ನು ಆಟೋಮ್ಯಾಟಿಕ್‌ಗೆ ಹಾಕಿದ ಮೇಲೆ ಸರಿಹೋಯಿತು.

ಹುಬ್ಬಳ್ಳಿ_ಪಾತ್ರೆ_ಅಂಗಡಿ

ಅಕ್ಕಾ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಅಪ್ಪಾಜಿಗೂ ಓದಿ ಹೇಳಿದೆ. ಸರ್, ನಿಮಗೂ. ಟೀಮ್ಸ್ ಇವತ್ತೇ ಹಾಕಿದ್ದೇವೆ.

ಇನ್ನೂ ಮೂರು ಪ್ರಶ್ನೆ ಉಳಿದಿವೆ. ತಂದೆಯವರ ಫೋನ್‌ಗೂ ಇಸಿಮ್ ಬೇಕಾ? ಅವರದ್ದು ಹಳೇ ಫೋನ್, ಇಸಿಮ್ ಹೋಗುವುದಿಲ್ಲ. ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ಎಂಬ ಹೆದರಿಕೆ ನನಗೆ. ಎರಡನೆಯದು, ಅಲ್ಲಿನ ಕಂಪನಿಯವರೆಲ್ಲ ವೀಚಾಟ್ ಕೇಳುತ್ತಾರಂತೆ, ಅದಿಲ್ಲದೆ ವ್ಯಾಪಾರ ಮಾತಾಡಲು ಆಗುತ್ತದಾ? ಮೂರನೆಯದು ಊಟ. ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ.

ಪೀಣ್ಯ_ಸೋರ್ಸಿಂಗ್

ತಮ್ಮಾ, ತಂದೆಯವರ ಫೋನ್‌ಗೆ ಹಾಂಗ್‌ಕಾಂಗ್‌ನಲ್ಲಿ ಪ್ಲಾಸ್ಟಿಕ್ ಸಿಮ್ ಒಂದು ಹಾಕಿಸಿಬಿಡಿ. ನಿಮ್ಮ ಫೋನ್‌ನ ಹಾಟ್‌ಸ್ಪಾಟ್ ಕೊಟ್ಟರೆ ಸಾಕು ಎಂದು ಕೆಲವರು ಹೇಳುತ್ತಾರೆ. ನಿಮ್ಮ ಪಕ್ಕದಲ್ಲಿ ಇರುವವರೆಗೆ ಅದು ಸರಿ. ತಪ್ಪಿಸಿಕೊಂಡಾಗಲೇ ಅಲ್ವಾ ಅವರಿಗೆ ಫೋನ್ ಬೇಕಾಗುವುದು? ಅವರ ಭಾರತದ ಸಿಮ್‌ನಲ್ಲೂ ರೋಮಿಂಗ್ ಚಾಲೂ ಇರಲಿ, ನೇರ ಕರೆ ಮಾಡಬಹುದು. ನಿಮ್ಮ ನಂಬರನ್ನು +91 ಸೇರಿಸಿ ಉಳಿಸಿ. ಬರೀ ಹತ್ತು ಅಂಕಿ ಇದ್ದರೆ ಅಲ್ಲಿಂದ ಕರೆ ಹೋಗುವುದಿಲ್ಲ.

ಹೋಟೆಲ್‌ನ ಹೆಸರು, ವಿಳಾಸ, ಫೋನ್ ನಂಬರ್ ಚೀನೀ ಅಕ್ಷರದಲ್ಲಿ ಇರುವ ಕಾರ್ಡ್ ರಿಸೆಪ್ಷನ್‌ನಲ್ಲಿ ಕೊಡುತ್ತಾರೆ. ಒಂದು ಅವರ ಜೇಬಿನಲ್ಲಿ, ಅದರ ಫೋಟೋ ಅವರ ಫೋನಿನ ವಾಲ್‌ಪೇಪರ್ ಆಗಿ. ಇಂಗ್ಲಿಷ್ ವಿಳಾಸ ಟ್ಯಾಕ್ಸಿಯವರಿಗೆ ಅರ್ಥವಾಗುವುದಿಲ್ಲ. ಮೇಳದ ಜಾಗ ಎ, ಬಿ, ಸಿ, ಡಿ ಎಂದು ನಾಲ್ಕು ಭಾಗ, ಪ್ರತಿಯೊಂದೂ ನಡೆದು ಮುಗಿಸಲಾಗದಷ್ಟು ದೊಡ್ಡದು. ಮೊದಲ ದಿನವೇ ಒಂದು ಗೇಟ್ ಗೊತ್ತುಮಾಡಿ, ಅದರ ಫಲಕದ ಫೋಟೋ ಅವರ ಫೋನ್‌ನಲ್ಲಿ ಇಡಿ. ಮೆಟ್ರೋ 8ನೇ ಲೈನ್, ಶಿನ್‌ಗಾಂಗ್‌ದೋಂಗ್ ಮತ್ತು ಪಝೌ ಎರಡು ಸ್ಟೇಷನ್ ಮೇಳಕ್ಕೆ. ಎರಡರಲ್ಲಿ ಯಾವುದು ನಿಮ್ಮದು ಎಂದು ಅವರಿಗೆ ಬರೆದುಕೊಡಿ. ಪೊಲೀಸ್ 110, ಆಂಬುಲೆನ್ಸ್ 120. ಗುವಾಂಗ್‌ಝೌನಲ್ಲಿ ನಮ್ಮ ದೂತಾವಾಸದ ಕಚೇರಿ ಇದೆ, ಅದರ ನಂಬರ್ ಇಬ್ಬರ ಫೋನ್‌ನಲ್ಲೂ ಇರಲಿ. ಅವರ ಮಾತ್ರೆಗಳ ಹೆಸರನ್ನು, ಬ್ರ್ಯಾಂಡ್ ಅಲ್ಲ, ಒಳಗಿನ ಔಷಧದ ಹೆಸರನ್ನು, ಚೀನಿಗೆ ಭಾಷಾಂತರಿಸಿ ಸ್ಕ್ರೀನ್‌ಶಾಟ್ ತೆಗೆದಿಡಿ.

ವೀಚಾಟ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಅದರ ಹಿಂದೆ ಬೀಳಬೇಡಿ. ಹೊಸ ಖಾತೆಗೆ ಹಳೆಯ ಬಳಕೆದಾರರೊಬ್ಬರು ಕೋಡ್ ಸ್ಕ್ಯಾನ್ ಮಾಡಿ ಒಪ್ಪಬೇಕಾಗುತ್ತದೆ. ಭಾರತದ ನಂಬರಿನಿಂದ ಖಾತೆ ತೆರೆಯುವುದನ್ನು ನಂಬಿ ಕೂರಲು ಆಗುವುದಿಲ್ಲ. ಹೇಗೋ ತೆರೆದಿರಿ ಅಂತಿಟ್ಟುಕೊಳ್ಳಿ, ಐದು ದಿನ ಅದರಲ್ಲೇ ದರ, ಫೋಟೋ, ಮಾತುಕತೆ ಎಲ್ಲ ಆಯಿತು. ಹುಬ್ಬಳ್ಳಿಗೆ ಬಂದ ಮೇಲೆ ಅದು ತೆರೆಯುವುದಿಲ್ಲ, ಮಾತುಕತೆ ಎಲ್ಲಾ ಅಲ್ಲೇ ಉಳಿಯುತ್ತದೆ. ಮೇಳಕ್ಕೆ ಬರುವವರು ಹೊರದೇಶಕ್ಕೆ ಮಾರುವವರು, ಅವರಲ್ಲಿ ಬಹಳ ಜನರ ಹತ್ತಿರ ವಾಟ್ಸಾಪ್ ಇದೆ. 'ಭಾರತದಲ್ಲಿ ವೀಚಾಟ್ ಇಲ್ಲ' ಅಂದರೆ ತಕ್ಷಣ ಅರ್ಥವಾಗುತ್ತದೆ. ಮಳಿಗೆಯಲ್ಲಿ ನಿಂತಾಗಲೇ ಅವರ ವಾಟ್ಸಾಪ್‌ಗೆ ಒಂದು ಮೆಸೇಜ್ ಕಳಿಸಿ, ಅದರಲ್ಲಿ ಮಳಿಗೆ ನಂಬರ್ ಮತ್ತು ಪಾತ್ರೆಯ ಫೋಟೋ ಇರಲಿ. ಜೊತೆಗೆ ಅವರ ಇಮೇಲ್ ತಗೊಳ್ಳಿ. ವಿಸಿಟಿಂಗ್ ಕಾರ್ಡನ್ನು ಅವರ ಸರಕಿನ ಪಕ್ಕದಲ್ಲೇ ಇಟ್ಟು ಫೋಟೋ ತೆಗೆಯಿರಿ. ರಾತ್ರಿ ಹೋಟೆಲ್‌ನಲ್ಲಿ ಕೂತಾಗ ಯಾವ ಡಬ್ಬಿ ಯಾರದ್ದು ಎಂದು ಹುಡುಕುವ ಕೆಲಸ ತಪ್ಪುತ್ತದೆ. ಹೋಟೆಲ್ ವೈಫೈನಲ್ಲಿ ಗೂಗಲ್ ಫೋಟೋಸ್‌ಗೆ ಏರುವುದಿಲ್ಲ, ಹಾಗಾಗಿ ಫೋನ್‌ನಲ್ಲಿ ಜಾಗ ಖಾಲಿ ಮಾಡಿಕೊಂಡು ಹೋಗಿ.

ಅಡ್ವಾನ್ಸ್ ಹಣವನ್ನು ಫೋನ್‌ನಲ್ಲಿ ಯಾರಿಗೂ ಕೊಡಬೇಡಿ. ಎಷ್ಟೇ ಒಳ್ಳೆಯವರಾಗಿ ಕಂಡರೂ ಬೇಡ. ಊರಿಗೆ ಬಂದು, ಪ್ರೊಫಾರ್ಮಾ ಇನ್‌ವಾಯ್ಸ್ (ಮಾಲಿಗೆ ಮುಂಚೆ ಕೊಡುವ ಬಿಲ್) ತರಿಸಿ, ನಿಮ್ಮ ಐಇಸಿ (ಆಮದು-ರಫ್ತು ಮಾಡುವವರ ನಂಬರ್) ಕೊಟ್ಟು ಬ್ಯಾಂಕಿನಿಂದ ಟಿಟಿ, ಅಂದರೆ ಹೊರದೇಶದ ಖಾತೆಗೆ ನೇರ ವರ್ಗಾವಣೆ, ಮಾಡಿ. ಖಾತೆಯ ಹೆಸರು ಕಂಪನಿಯದ್ದೇ ಆಗಿರಬೇಕು, ವ್ಯಕ್ತಿಯದ್ದಲ್ಲ.

ಊಟಕ್ಕೆ ಒಂದು ಚಿತ್ರ ಮಾಡಿಕೊಳ್ಳಿ. ಮಾಂಸ, ಮೀನು, ಸಿಗಡಿ, ಮೊಟ್ಟೆ, ಹಂದಿಯ ಕೊಬ್ಬು, ಮಾಂಸ ಬೇಯಿಸಿದ ನೀರು, ಇವು ಯಾವುದೂ ಬೇಡ ಎಂದು ಚೀನೀ ಅಕ್ಷರದಲ್ಲಿ ದೊಡ್ಡದಾಗಿ. ಆಯ್ಸ್ಟರ್ ಸಾಸ್ (ಚಿಪ್ಪುಜೀವಿಯಿಂದ ಮಾಡಿದ ಸಾಸ್) ಬೇಡ ಎಂದು ಬೇರೆಯಾಗಿ ಸೇರಿಸಿ. ಆ ಕಡೆ ಸೊಪ್ಪಿನ ಪಲ್ಯದ ಮೇಲೂ ಅದನ್ನು ಸುರಿಯುತ್ತಾರೆ, ಅವರ ಲೆಕ್ಕದಲ್ಲಿ ಅದು ಸೊಪ್ಪೇ. ಶಾವೋಬೇ ಮೆಟ್ರೋ ಸ್ಟೇಷನ್ ಸುತ್ತ ಹೊರದೇಶದ ವ್ಯಾಪಾರಿಗಳು ಜಾಸ್ತಿ, ಭಾರತದ ಊಟ ಅಲ್ಲಿ ಸಿಗುತ್ತದೆ. ತಂದೆಯವರಿಗೆ ಅವಲಕ್ಕಿ, ಶೇಂಗಾ ಚಟ್ನಿ ಪುಡಿ ಚೀಲದಲ್ಲಿ ಇರಲಿ.

ಇನ್ನು ಉಳಿದಿರುವ ಕಾಗದದ ಕೆಲಸ ಮೂರು. ಹಾಂಗ್‌ಕಾಂಗ್‌ನಲ್ಲಿ ಇಳಿಯಲು ನಮ್ಮ ಪಾಸ್‌ಪೋರ್ಟ್‌ಗೆ ಮೊದಲೇ ಆನ್‌ಲೈನ್ ನೋಂದಣಿ ಬೇಕು, ಆ ಚೀಟಿಯನ್ನು ಪ್ರಿಂಟ್ ಹಾಕಿಸಿ. ಚೀನಾ ಪ್ರವೇಶದ ಅರೈವಲ್ ಕಾರ್ಡನ್ನು 2025ರ ನವೆಂಬರ್ 20ರಿಂದ ಆನ್‌ಲೈನ್‌ನಲ್ಲೇ ತುಂಬಬಹುದು. ಹಾಂಗ್‌ಕಾಂಗ್ ಹೋಟೆಲ್‌ನಲ್ಲೇ ಇಬ್ಬರದ್ದೂ ತುಂಬಿ, ಬರುವ ಕ್ಯೂಆರ್ ಅನ್ನು ಇಬ್ಬರ ಫೋನ್‌ನಲ್ಲೂ ಉಳಿಸಿ. ಮೇಳದ ಬ್ಯಾಡ್ಜ್‌ಗೆ ಮೇಳದ ವೆಬ್‌ಸೈಟ್‌ನಲ್ಲಿ ಈಗಲೇ ಹೆಸರು ಕೊಡಿ, ದೃಢೀಕರಣ ಬಂದದ್ದು ಜಿಮೇಲ್‌ನಲ್ಲೇ ಬಿಡದೆ ಸ್ಕ್ರೀನ್‌ಶಾಟ್ ತೆಗೆಯಿರಿ. ಇಸಿಮ್ ಕೊಳ್ಳುವಾಗ ಗೊಂದಲ ಆದರೆ ಪ್ಲಾನ್ ವಿವರ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.